ತೆಂಗಿನೆಣ್ಣೆಯಲ್ಲಿ ಬರೆದ ಮುಖ

ನನ್ನ ಕೆನ್ನೆ ಪ್ರಭುದೇವನ ಬೆರಳಿಗೆ ಅಂಟಿಕೊಂಡು ಬಂತು. ಕ್ಯಾನ್ವಾಸ್ ಮೇಲಿನ ಕೆನ್ನೆ. ನಿಜವಾದದ್ದನ್ನು ಮುಟ್ಟುವ ಧೈರ್ಯ ಅವನಿಗೆ ಆಗ ಇರಲಿಲ್ಲ.

"ವಾಣಿಶ್ರೀ, ಇದು ಒಣಗಿತ್ತು ಕಣೇ. ಜನವರೀಲೇ ಒಣಗಿತ್ತು."

ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಕಾಲೇಜಿನ ಸ್ಟುಡಿಯೋದಲ್ಲಿ ನನ್ನ ಮೂಗು ತುಟಿಯ ಕಡೆಗೆ ಜಾರುತ್ತಿತ್ತು. ಬಗ್ಗಿ ಮೂಸಿದೆ. ಆಯಿಲ್ ಪೇಂಟಿಂಗ್ ಲಿನ್‌ಸೀಡ್, ಅಂದರೆ ಅಗಸೆ ಎಣ್ಣೆಯ ವಾಸನೆ ಹೊಡೆಯಬೇಕು. ಇದು ತಲೆಗೆ ಹಚ್ಚುವ ಎಣ್ಣೆಯ ವಾಸನೆ.

"ಏನ್ ಹಾಕಿದ್ಯೋ ಇದಕ್ಕೆ?"

"ಲಿನ್‌ಸೀಡ್ ಖಾಲಿಯಾಗಿತ್ತು." ಅವನು ಕಿಟಕಿಯ ಕಡೆ ನೋಡಿದ. "ಇದನ್ನ ನಮ್ಮೂರು ಗುಬ್ಬಿಯಿಂದ ತಂದಿದ್ದೆ. ನಮ್ ತೋಟದ ಕಾಯಿ, ನಮ್ದೇ ಮಿಲ್ಲು. ಫಸ್ಟ್ ಕ್ವಾಲಿಟಿ."

"ತೆಂಗಿನೆಣ್ಣೆನಾ! ಅದು ಒಣಗಲ್ಲ ಕಣೋ ಕೋತಿ. ಚಳೀಲಿ ಹೆಪ್ಪುಗಟ್ಟಿದ್ದನ್ನ ಒಣಗ್ತು ಅಂದ್ಕೊಂಡಿದೀಯ. ಎಣ್ಣೆ ಮಿಲ್ಲಿನೋರ ಮನೇಲಿ ಹುಟ್ಟಿ ಇಷ್ಟೂ ಗೊತ್ತಿಲ್ವಾ?"

"ಬಾಟ್ಲೀಲಿ ಗಟ್ಟಿಯಾದ್ರೆ ಗೊತ್ತಾಗುತ್ತೆ. ಕ್ಯಾನ್ವಾಸ್ ಮೇಲೆ ಆದಾಗ ನಂಗೆ ಹೊಳೀಲಿಲ್ಲ."

ನಗಬೇಕಿತ್ತು, ನಗು ಬರಲಿಲ್ಲ. ಮನೆಯವರು ಗಂಡಿನ ಕಡೆಯವರಿಗೆ ಕಳಿಸುವ ಫೋಟೋಗಳಲ್ಲೆಲ್ಲ ನಾನು ಫೋಟೋ ಸ್ಟುಡಿಯೋದವನ ದಯೆಯಿಂದ ಬೆಳ್ಳಗಿದ್ದೇನೆ. ಪ್ರಭುವೂ ಮೊದಲ ದಿನ ಫ್ಲೆಶ್ ಟಿಂಟ್, ಅಂದರೆ ಚರ್ಮದ ಬಣ್ಣ ಎಂಬ ಗುಲಾಬಿ ಟ್ಯೂಬನ್ನೇ ತೆಗೆದಿದ್ದ. ಅದು ಯಾರ ಚರ್ಮವೋ, ನಮ್ಮೂರು ಕ್ಯಾತ್ಸಂದ್ರದಲ್ಲಂತೂ ನಾನು ಕಂಡಿಲ್ಲ. ಎದ್ದು ಹೊರಟಿದ್ದೆ. ಟ್ಯೂಬನ್ನು ಕಸದ ಬುಟ್ಟಿಗೆ ಎಸೆದು ಕರೆದ. ಆಮೇಲೆ ಬರೆದದ್ದು ಈ ಚಿತ್ರ. ನನ್ನ ಬಣ್ಣದಲ್ಲೇ ನಾನಿದ್ದ ಒಂದೇ ಒಂದು ಚಿತ್ರ. ಕಾಲೇಜಿನ ಎಕ್ಸಿಬಿಷನ್ನಿನಲ್ಲಿ ಅದು ಗೋಡೆಯ ಮೇಲೆ ಇರಲೇಬೇಕು ಎಂದು ನನಗೆ ಹಟವಿತ್ತು.

"ದೇವರಾಯನದುರ್ಗದ ಲ್ಯಾಂಡ್‌ಸ್ಕೇಪ್ ಒಣಗಿದೆ," ಎಂದ. "ಅದನ್ನೇ ಕೊಡು ಅಂತಾರೆ ಶಶಿಕಲಾ ಮೇಡಂ."

"ನೀನೇನಂತೀಯ?"

"ನಿನ್ನನ್ನೇ ಇಡ್ಬೇಕು. ಆದ್ರೆ ಇರೋದು ಒಂದ್ ವಾರ. ಹೊಸದಾಗಿ ಬರೆದ್ರೆ ಎಲ್ಲಿ ಒಣಗುತ್ತೆ?"

ಅವನ ಬಣ್ಣದ ಡಬ್ಬಿಯನ್ನು ನನ್ನ ಕಡೆ ಎಳೆದುಕೊಂಡೆ.

"ಟೈಟೇನಿಯಂ ಬಿಳಿ ಒಣಗೋದು ನಿಧಾನ. ಕಂದು ಅಂಬರ್ ಬೇಗ ಒಣಗುತ್ತೆ. ನನ್ ಮುಖದಲ್ಲಿ ಬಿಳಿ ಎಷ್ಟಿದೆ ಹೇಳು."

ಅವನು ನೋಡಿದ. ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ಕಣ್ಣಿಗೆ. ಕಣ್ಣಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತ. "ಕಣ್ಣಲ್ಲಿ ಒಂದ್ ಚುಕ್ಕೆ."

"ಮತ್ತೆ? ನಾನು ಬೆಳ್ಳಗಿದ್ದಿದ್ರೆ ನೀನು ಕೆಟ್ಟೆ ಅಂತಲೇ ಲೆಕ್ಕ. ಕಪ್ಪಗಿದೀನಿ, ಬಚಾವಾದೆ. ಹೊಸ ಕ್ಯಾನ್ವಾಸ್ ತಗೋ. ತೆಳ್ಳಗೆ ಬಳಿ."

ಬೆಳಕು ಇರುವವರೆಗೂ ಕೂತೆ. ಬರ್ನ್ಟ್ ಅಂಬರ್, ಹಣೆಗೆ ಸ್ವಲ್ಪ ಯೆಲ್ಲೋ ಆಕರ್, ಕೆನ್ನೆಗೆ ಕೆಂಪುಗಂದು ಬರ್ನ್ಟ್ ಸಿಯೆನ್ನಾ. ನಡುವೆ ಬ್ರಷ್ ನಿಂತಿತು.

"ಏನಾಯ್ತು?"

"ಗಲ್ಲದ ಕೆಳಗೆ ನೀಲಿ ಇದೆ ಕಣೇ. ಅಲ್ಟ್ರಾಮರೀನ್. ಅವತ್ತು ಕಂಡಿರ್ಲಿಲ್ಲ."

ನನ್ನಲ್ಲಿ ನೀಲಿ ಇದೆಯೆಂದು ಯಾರೂ ಹೇಳಿರಲಿಲ್ಲ. ಕತ್ತು ಇನ್ನೂ ಸ್ವಲ್ಪ ಎತ್ತಿದೆ.

"ನಿಜ ಹೇಳು. ಲಿನ್‌ಸೀಡ್ ಖಾಲಿಯಾಗಿತ್ತಾ?"

"ಅರ್ಧ ಬಾಟ್ಲಿ ಇತ್ತು," ಎಂದ, ಕ್ಯಾನ್ವಾಸಿನ ಹಿಂದೆ ಮುಖ ಮರೆಸಿಕೊಂಡು. "ನಿನ್ನ ಚಿತ್ರದಲ್ಲಿ ನಮ್ಮನೇದೂ ಏನಾದ್ರೂ ಇರ್ಲಿ ಅನ್ನಿಸ್ತು."

ಬೈಯಲು ಬಾಯಿ ತೆರೆದೆ. ಬದಲಿಗೆ ಅಂಬರ್ ಟ್ಯೂಬನ್ನು ಅವನ ಕಡೆ ತಳ್ಳಿದೆ.

ಚಿತ್ರ ಒಣಗಿತು. ಎಕ್ಸಿಬಿಷನ್ ದಿನ ಬಾಗಿಲಿಗೆ ಎದುರಾಗಿಯೇ ನನ್ನ ಮುಖ ತೂಗಿತು. ಗುಬ್ಬಿಯಿಂದ ಪ್ರಭುವಿನ ತಾಯಿ ಉಮಾಮಹೇಶ್ವರಮ್ಮ ಬಂದಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬ್ಯಾಗು. ಚಿತ್ರದ ಮುಂದೆ ನಿಂತು ಮಗನನ್ನು ಕೇಳಿದರು:

"ಏನ್ಲಾ, ಚೆಂದಾಗಿ ಬರ್ದಿದೀಯ. ಒಂಚೂರು ಬೆಳ್ಳಗೆ ಮಾಡ್ಬಾರ್ದಾಗಿತ್ತಾ?"

ನಾನು ಅವರ ಬೆನ್ನ ಹಿಂದೆಯೇ ಇದ್ದೆ. ಪ್ರಭು ನನ್ನನ್ನು ನೋಡಿದ. ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ.

"ಮಾಡಿದ್ರೆ ಬೇರೆ ಯಾರೋ ಆಗ್ಬಿಡೋಳು ಕಣಮ್ಮ. ಇವಳಿರೋದೇ ಹಿಂಗೆ. ನಾನು ಮದ್ವೆ ಆಗೋದೂ ಇವಳನ್ನೇ."

"ನನ್ನನ್ನ ಕೇಳೇ ಇಲ್ಲ," ಎಂದೆ.

ಉಮಾಮಹೇಶ್ವರಮ್ಮ ತಿರುಗಿ ನೋಡಿದರು.

"ಈಗ ಕೇಳ್ತಿದೀನಲ್ಲ," ಎಂದ ಪ್ರಭು. ಕಣ್ಣು ಕೆಳಗಿಳಿಯಲಿಲ್ಲ.

"ಹೂಂ," ಎಂದೆ. ಚಿತ್ರದ ಪಕ್ಕಕ್ಕೆ ಹೋಗಿ, ಲೈಟು ಸರಿಯಾಗಿ ಮುಖಕ್ಕೆ ಬೀಳುವಲ್ಲಿ ನಿಂತುಕೊಂಡೆ.

"ನೋಡಿ ಅಮ್ಮ. ಹತ್ರ ಬಂದು ನೋಡಿ."