ಹೊಸ ಕಚೇರಿಗೆ ಬಿದ್ದ ಬೆಂಕಿ

ನವೆಂಬರ್ ಎಂಟನೇ ತಾರೀಖು ಬೆಳಿಗ್ಗೆ ಏಳೂವರೆಗೆ ಫುಲೇಸರಿ ದೇವಿ ಕುಸ್ಮೌಲಿ ಠಾಣೆಯ ಮೆಟ್ಟಿಲು ಹತ್ತಿದಾಗ ಅವಳ ಹಳದಿ ಸೀರೆಯ ಅಂಚು ಇನ್ನೂ ಒದ್ದೆಯಾಗಿತ್ತು. ಮೂಗಿನ ತುದಿಯಿಂದ ಬೈತಲೆಯವರೆಗೆ ಕಿತ್ತಳೆ ಬಣ್ಣದ ಸಿಂಧೂರ. ಛಠ್ ಹಬ್ಬದ ಉಪವಾಸ ಮುಗಿಸಿ, ಕೆರೆಯಲ್ಲಿ ನಿಂತು ಹಿಂದಿನ ಸಂಜೆ ಮುಳುಗುವ ಸೂರ್ಯನಿಗೂ ಈಗ ಹುಟ್ಟುವ ಸೂರ್ಯನಿಗೂ ಅರ್ಘ್ಯ ಕೊಟ್ಟು, ಗಂಡನಿಗೆಂದು ಎತ್ತಿಟ್ಟ ಪ್ರಸಾದ ಹಿಡಿದುಕೊಂಡೇ ಬಂದಿದ್ದಳು.

"ನಮ್ಮೋರು ಸಿಗ್ತಿಲ್ಲ ದರೋಗಾ ಬಾಬು."

ಮಹಿಳಾ ಕಾನ್‌ಸ್ಟೇಬಲ್ ಶಬೀನಾ ಅವಳನ್ನು ಬೆಂಚಿನ ಮೇಲೆ ಕೂರಿಸಿ ಕೇಳಿದಳು. "ಯಾರು ಅಮ್ಮಾ ನಿಮ್ಮೋರು?"

"ಛೇದಿ ಪ್ರಜಾಪತಿ. ಬೈಪಾಸ್ ಹತ್ರ ಹೊಸ ತಹಸೀಲ್ ಕಟ್ಟಡ ಕಾಯ್ತಾರಲ್ಲ, ಅವರು."

ಠಾಣೆಯ ದರೋಗಾ, ಇನ್ಸ್‌ಪೆಕ್ಟರ್ ಹರಿಕೇಶ್ ಕಟಿಯಾರ್ ತಲೆಯೆತ್ತಿದರು. ಹಿಂದಿನ ಸಂಜೆ ಆ ಕಟ್ಟಡಕ್ಕೆ ಬೆಂಕಿ ಬಿದ್ದಿತ್ತು. ಜಿಲ್ಲಾ ಕೇಂದ್ರದಿಂದ ಬಂದ ಅಗ್ನಿಶಾಮಕ ವಾಹನ ಮುಂಭಾಗವನ್ನು ಆರಿಸಿ, ಹಿಂಭಾಗ ತಣ್ಣಗಾಗಲಿ ಎಂದು ಬಿಟ್ಟು ಹೋಗಿತ್ತು. ಒಳಗೆ ಯಾರೂ ಇಲ್ಲ ಎಂದೇ ಎಲ್ಲರೂ ಹೇಳಿದ್ದರು.

"ನಿನ್ನೆ ಸಂಜೆ ಅವನು ನಿಮ್ಮ ಜೊತೆ ಕೆರೆ ಹತ್ರ ಇದ್ದ ಅಂದ್ರಲ್ಲ ಜನ?"

"ಹಬ್ಬದ ಬುಟ್ಟಿ ತಲೆ ಮೇಲೆ ಹೊತ್ಕೊಂಡು ಬಂದ್ರು ಬಾಬು. ಇಳಿಸಿದೋರೇ ವಾಪಸ್ ಹೊರಟ್ರು. ಕಲ್ಲು ತೂರೋರು ಇವತ್ತೇ ಬರ್ತಾರೆ, ಊರೆಲ್ಲ ಖಾಲಿ ಇರುತ್ತೆ, ಕಟ್ಟಡ ಬಿಟ್ಟಿರಕ್ಕಾಗಲ್ಲ ಅಂದ್ರು. ರಾತ್ರಿ ಬೆಂಕಿ ಆರಿಸೋ ಗದ್ದಲದಲ್ಲಿ ಇದಾರೆ ಅಂದ್ಕೊಂಡೆ." ಅವಳು ಪ್ರಸಾದವನ್ನು ಮಡಿಲಿಗೆ ಸರಿಸಿಕೊಂಡಳು. "ಹೋದ ವಾರ ನಿಮ್ಮ ಹತ್ರನೂ ಬಂದಿದ್ರಲ್ಲ. ಒಬ್ಬ ಸಿಪಾಯಿನ ಕಳಿಸಿ ಅಂತ."

ಬಂದಿದ್ದ. ಬಾಗಿಲ ಬಳಿ ಕೈ ಜೋಡಿಸಿ ನಿಂತಿದ್ದ ಸಣಕಲು ಮನುಷ್ಯ. ಯಾರೋ ಕಿಟಕಿ ಗಾಜು ಒಡೆಯುತ್ತಿದ್ದಾರೆ, ಭಯವಾಗುತ್ತೆ ಎಂದಿದ್ದ. ಕಟಿಯಾರ್ ಫೋನಿನಲ್ಲಿದ್ದರು. ಹಬ್ಬ ಮುಗೀಲಿ, ನೋಡೋಣ ಎಂದು ಕೈ ಬೀಸಿ ಕಳಿಸಿದ್ದರು.

"ಜೀಪ್ ತೆಗೀರಿ," ಎಂದರು ಹೆಡ್ ಕಾನ್‌ಸ್ಟೇಬಲ್ ರಾಮ್‌ಸಜೀವನ್‌ಗೆ.

ಕಟ್ಟಡದ ಹಿಂಭಾಗದಲ್ಲಿ ಕಬ್ಬಿಣದ ಸರಳುಗಳ ಬಾಗಿಲು. ಅದರೊಳಗಿನ ಮೊಗಸಾಲೆಯಲ್ಲಿ, ಪ್ಲಾಸ್ಟಿಕ್ ಹೊದಿಕೆ ಸಮೇತ ಜೋಡಿಸಿಟ್ಟಿದ್ದ ಹೊಸ ಕುರ್ಚಿಗಳೆಲ್ಲ ಕರಗಿ ಒಂದು ಕಪ್ಪು ಗುಡ್ಡೆಯಾಗಿದ್ದವು. ಗುಡ್ಡೆಯ ಆಚೆ, ಗೋಡೆಯ ಬುಡದಲ್ಲಿ, ಛೇದಿ ಮಕಾಡೆ ಮಲಗಿದ್ದ. ಪಂಚರ ಸಮಕ್ಷಮ ಒಂಬತ್ತು ಗಂಟೆಗೆ ಪಂಚನಾಮೆ ಆರಂಭವಾಯಿತು. ಬಾಗಿಲಿಗೆ ಒಳಗಿನಿಂದ ಬೀಗ ಹಾಕಿತ್ತು. ಅದರ ಕೀಲಿ ಗುಡ್ಡೆಯ ಈಚೆಗಿದ್ದ ಪಕ್ಕದ ಕೋಣೆಯಲ್ಲಿ ಗೂಟಕ್ಕೆ ನೇತು ಹಾಕಿದ್ದ ಅವನ ಅಂಗಿಯ ಜೇಬಿನಲ್ಲಿ ಸಿಕ್ಕಿತು.

"ಒಳಗಿಂದ ಯಾಕೆ ಬೀಗ ಹಾಕ್ಕೊಂಡ?" ರಾಮ್‌ಸಜೀವನ್ ತನ್ನಷ್ಟಕ್ಕೆ ಕೇಳಿಕೊಂಡ.

"ಭಯ ಆಗಿತ್ತಲ್ಲ," ಎಂದರು ಕಟಿಯಾರ್. "ನಾವು ಯಾರೂ ಬರಲಿಲ್ಲ."

ಬಾಗಿಲ ಹೊರಗೆ, ಜಲ್ಲಿಕಲ್ಲಿನ ಮೇಲೆ ಅರ್ಧ ಸುಟ್ಟ ಬಟ್ಟೆಯ ಉಂಡೆಯೊಂದು ಬಿದ್ದಿತ್ತು. ಸರಳುಗಳ ನಡುವೆ ತೂರಲು ನೋಡಿ ತಪ್ಪಿದ್ದು. ಅದನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು. ಮರಣೋತ್ತರ ಪರೀಕ್ಷೆಯ ವರದಿ ಮರುದಿನ ಬಂತು: ಸಾವು ಹೊಗೆಯಿಂದ ಉಸಿರುಗಟ್ಟಿ. ಎಫ್‌ಐಆರ್‌ಗೆ ಬೆಂಕಿ ಹಚ್ಚಿದ ಆರೋಪದ ಜೊತೆ ನರಹತ್ಯೆಯ ಆರೋಪವೂ ಸೇರಿತು.

ಕೇಸ್ ಡೈರಿ ಬರೆಯುವಾಗ ಛೇದಿ ಠಾಣೆಗೆ ಬಂದಿದ್ದ ಸಂಗತಿಯನ್ನು ಕಟಿಯಾರ್ ಮೊದಲ ಪುಟದಲ್ಲೇ ಬರೆದರು. ರಾಮ್‌ಸಜೀವನ್ ಅದನ್ನು ಓದಿ ಬಾಗಿಲು ಮುಂದೆ ಮಾಡಿದ.

"ಸಾಹೇಬ್, ಇದು ಬೇಕಾ? ಬಾಯಿ ಮಾತಲ್ಲಿ ಹೇಳಿ ಹೋದೋನು. ನಮ್ಮ ಹತ್ರ ಏನೂ ದಾಖಲೆ ಇಲ್ಲ."

"ನನ್ನ ಹತ್ರ ಇದೆ," ಎಂದು ಕಟಿಯಾರ್ ಸಹಿ ಹಾಕಿದರು.

ಬೆಂಕಿ ಯಾರಿಗೆ ಬೇಕಿತ್ತು ಎಂದು ಕೇಳಿದರೆ ಇಡೀ ಕುಸ್ಮೌಲಿಯನ್ನೇ ಠಾಣೆಗೆ ಕರೆಸಬೇಕಾಗಿತ್ತು. ಈ ಊರಿಗೆ ಕಾರ್ಖಾನೆಯಿಲ್ಲ, ಕಾಲೇಜಿಲ್ಲ. ಇರುವುದು ತಾಲ್ಲೂಕಿನ ಹಳೆಯ ತಹಸೀಲ್ ಕಚೇರಿಯೊಂದೇ. ಜಮೀನಿನ ತಕರಾರು ಹೊತ್ತು ಹಳ್ಳಿಗಳಿಂದ ಬರುವವರು ಬೇವಿನ ಮರದ ಕೆಳಗೆ ವಕೀಲರನ್ನು ಹುಡುಕುತ್ತಾರೆ. ಅಲ್ಲಿಂದ ಟೈಪಿಸ್ಟ್, ಛಾಪಾ ಕಾಗದ, ಝೆರಾಕ್ಸ್, ಫೋಟೋ. ಆಮೇಲೆ ಹಸಿವು. ವಾಯಿದೆ ಸಿಕ್ಕರೂ ಹಸಿವು, ತೀರ್ಪು ಸಿಕ್ಕರೂ ಹಸಿವು. ಹೊಸ ಕಟ್ಟಡ ಊರಾಚೆ ಬೈಪಾಸ್ ಪಕ್ಕ ಎದ್ದಾಗ, ಕಚೇರಿ ಗೇಟಿನೆದುರಿನ ಬೀದಿಗೆ ಬೀದಿಯೇ ನಿದ್ದೆ ಕಳೆದುಕೊಂಡಿತ್ತು. ವಕೀಲರು ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಅವರ ಸಂಘದ ಅಧ್ಯಕ್ಷ ಗಜಾಧರ್ ಓಝಾ, ಆ ಕಟ್ಟಡ ಸುಟ್ಟು ಬೂದಿಯಾದರೂ ಸರಿ, ಕಚೇರಿ ಇಲ್ಲಿಂದ ಕದಲದು ಎಂದು ಮೈಕಿನಲ್ಲೇ ಕೂಗಿದ್ದರು.

ಕಟಿಯಾರ್ ಅವರನ್ನೇ ಮೊದಲು ಕರೆಸಿದರು.

"ಭಾಷಣ ನಿಮ್ಮದೇನಾ ವಕೀಲ್ ಸಾಹೇಬ್?"

"ಭಾಷಣ ನಂದು. ಬೆಂಕಿ ನಂದಲ್ಲ."

"ಏಳನೇ ತಾರೀಖು ಸಂಜೆ ಎಲ್ಲಿದ್ರಿ?"

"ಕೆರೆ ದಂಡೆ ವೇದಿಕೆ ಮೇಲೆ. ಕಳೆದುಹೋದ ಮಕ್ಕಳ ಹೆಸರು ಕೂಗ್ತಿದ್ದೆ. ನಿಮಗೂ ಕೇಳಿಸಿರಬೇಕು, ನೀವೂ ಅಲ್ಲೇ ಬಂದೋಬಸ್ತಲ್ಲಿದ್ರಿ." ಓಝಾ ಎದ್ದು ನಿಂತರು. ಆದರೆ ಹೋಗಲಿಲ್ಲ. "ಛೇದಿ ಒಳಗಿದ್ದ ಅಂತ ಯಾರಿಗೆ ಗೊತ್ತಿತ್ತು ದರೋಗಾಜಿ? ನಾವು ಬಾಯಿಗೆ ಬಂದಿದ್ದು ಆಡ್ತೀವಿ. ವಕೀಲರ ಮಾತನ್ನ ಯಾರು ನಿಜ ಅಂದ್ಕೋತಾರೆ?"

ತೊಡಕು ಅಲ್ಲೇ ಇತ್ತು. ಆ ಸಂಜೆ ಊರಿಗೆ ಊರೇ ನೀರಿನಲ್ಲಿ ನಿಂತಿತ್ತು. ಯಾರನ್ನು ಕೇಳಿದರೂ ಹತ್ತು ಜನ ಸಾಕ್ಷಿ ಸಿಗುತ್ತಿದ್ದರು. ಹೀಗಾಗಿ ಕಟಿಯಾರ್ ಪ್ರಶ್ನೆಯನ್ನೇ ತಿರುಗಿಸಿದರು. ಕೆರೆಗೆ ಯಾರು ಬರಲಿಲ್ಲ?

ಕಾನ್‌ಸ್ಟೇಬಲ್‌ಗಳು ಮನೆಮನೆ ಸುತ್ತಿದರು. ಹಾಸಿಗೆ ಹಿಡಿದವರು, ಬಾಣಂತಿಯರು, ಹಬ್ಬ ಆಚರಿಸದ ಕೆಲವು ಮನೆಗಳು. ಅಷ್ಟರಲ್ಲಿ ಪ್ರಯೋಗಾಲಯದ ವರದಿ ಬಂತು. ಬಟ್ಟೆಯ ಉಂಡೆಯಲ್ಲಿ ಡೀಸೆಲ್ ಇತ್ತು. ಜೊತೆಗೆ, ಮತ್ತೆ ಮತ್ತೆ ಕಾಯಿಸಿದ ಅಡುಗೆ ಎಣ್ಣೆ.

"ಕರಿದ ಎಣ್ಣೆ," ಎಂದಳು ಶಬೀನಾ. "ತಿಂಡಿ ಅಂಗಡಿಯೋರು ಒಲೆ ಹಚ್ಚೋದು ಹಂಗೇ ಸರ್. ಬಾಣಲೆ ಒರೆಸಿದ ಬಟ್ಟೆಗೆ ಡೀಸೆಲ್ ಹಾಕಿ ಇದ್ದಿಲೊಳಗೆ ತುರುಕ್ತಾರೆ."

ಕಚೇರಿ ಗೇಟಿನ ಮುಂದೆ ಅಂಥ ಅಂಗಡಿಗಳು ನಾಲ್ಕಿದ್ದವು. ಮೂರು ತೆರೆದಿದ್ದವು. ಬೈಜನಾಥ್ ಕಸೌಧನ್‌ನ ಕಚೋರಿ ಅಂಗಡಿ ಹಬ್ಬಕ್ಕೆ ಮುಚ್ಚಿದ್ದು ಮತ್ತೆ ತೆರೆದಿರಲಿಲ್ಲ. ಪಕ್ಕದ ಛಾಪಾ ಕಾಗದದವನನ್ನು ಕೇಳಿದರೆ, "ಕೈ ಮೇಲೆ ಎಣ್ಣೆ ಬಿತ್ತಂತೆ ಸಾಹೇಬ್. ಪಾಪ, ಅವನಿಗೆ ಈ ವರ್ಷವೇ ಸರಿಯಿಲ್ಲ. ಜ್ಯೇಷ್ಠದಲ್ಲಿ ತಾಯಿ ಹೋದ್ರು, ಛಠ್ ಕೂಡ ಮಾಡಲಿಲ್ಲ ಅವರ ಮನೇಲಿ," ಎಂದ.

ಕಟಿಯಾರ್ ಅಲ್ಲೇ ನಿಂತರು. ಎರಡು ವರ್ಷದಿಂದ ಅವರ ಬೆಳಗಿನ ತಿಂಡಿ ಅದೇ ಅಂಗಡಿಯದು. ಧರಣಿಯ ದಿನಗಳಲ್ಲಿ ಅದೇ ಬೆಂಚಿನ ಮೇಲೆ ಕೂತು, ವಕೀಲರು ಆ ಕಟ್ಟಡಕ್ಕೆ ಬೆಂಕಿ ಇಡಬೇಕು ಎನ್ನುವುದನ್ನು ಕೇಳಿ ಅವರೂ ನಕ್ಕಿದ್ದರು. ಬಡಿಸುತ್ತಿದ್ದ ಬೈಜನಾಥ್ ನಕ್ಕಿದ್ದನೇ ಎಂದು ಈಗ ನೆನಪು ಮಾಡಿಕೊಳ್ಳಲು ನೋಡಿದರು. ನೆನಪಾಗಲಿಲ್ಲ.

ಇಪ್ಪತ್ತನೇ ತಾರೀಖು ಛೇದಿಯ ತಿಥಿಯೂಟ. ಕಟಿಯಾರ್ ಮಫ್ತಿಯಲ್ಲಿ ಹೋಗಿ ಹಿಂದೆ ನಿಂತರು. ಓಣಿಯಲ್ಲಿ ಪಂಕ್ತಿ ಪಂಕ್ತಿಯಾಗಿ ಜನ ಊಟಕ್ಕೆ ಕೂತಿದ್ದರು. ಫುಲೇಸರಿ ಅವರನ್ನು ಕಂಡು ಹೊರಗೆ ಬಂದಳು. ಹಣೆ ಬರಿದಾಗಿತ್ತು.

"ಇಷ್ಟೆಲ್ಲ ಹೆಂಗೆ ಒದಗಿಸಿದ್ರಿ?" ಎಂದು ಕಟಿಯಾರ್ ಕೇಳಿದರು.

"ಬೈಜನಾಥ್ ಭಯ್ಯಾ ಕಳಿಸಿದ್ರು. ಹಿಟ್ಟು, ಎಣ್ಣೆ, ಸಕ್ಕರೆ, ಅಡುಗೆಯೋರು ಸಮೇತ. ತಾವು ಮಾತ್ರ ಬರಲಿಲ್ಲ. ಇವರೂ ಅವರೂ ಚಿಕ್ಕಂದಿನಿಂದ ಜೊತೆ ಬಾಬು. ಕಾವಲು ಕೂತೋನಿಗೆ ಅಂತ ದಿನಾ ನಾಲ್ಕು ಕಚೋರಿ ಎತ್ತಿಡೋರು."

ಕಟಿಯಾರ್ ಅಲ್ಲಿಂದ ನೇರ ಬೈಜನಾಥ್‌ನ ಮನೆಗೆ ಹೋದರು. ರಾಮ್‌ಸಜೀವನ್ ಬಾಗಿಲಲ್ಲಿ ನಿಂತ. ಮಧ್ಯಾಹ್ನದ ಬಿಸಿಲು ಅಂಗಳಕ್ಕೆ ಬಿದ್ದಿತ್ತು. ಬೈಜನಾಥ್ ಹಗ್ಗದ ಮಂಚದ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಎರಡೂ ಕೈ ಹೆಗಲ ಟವೆಲ್ಲಿನೊಳಗಿದ್ದವು.

"ಕೈಗೆ ಏನಾಯ್ತು ಬೈಜನಾಥ್?"

"ಎಣ್ಣೆ ಹಾರಿತು ಸಾಹೇಬ್. ನಮ್ಮ ಕಸುಬೇ ಅಂಥದ್ದು."

"ಅಂಗಡಿ ತೆಗೆದಿದ್ದು ಯಾವತ್ತು ಕೊನೆ?"

"ಆರನೇ ತಾರೀಖು."

"ಮತ್ತೆ ಎಣ್ಣೆ ಹಾರಿದ್ದು?"

ಬೈಜನಾಥ್ ಕೈಗಳನ್ನು ಟವೆಲ್ಲಿನೊಳಗೆ ಇನ್ನಷ್ಟು ಒಳಕ್ಕೆ ಎಳೆದುಕೊಂಡ.

"ಕೈ ತೋರಿಸಿ."

ಟವೆಲ್ ಸರಿಯಿತು. ಮುಂಗೈ ತುಂಬ ಹಳೆಯ ಎಣ್ಣೆಯ ಚುಕ್ಕೆಗಳಿದ್ದವು, ಯಾವ ಕಚೋರಿಯವನಿಗೂ ಇರುವಂಥವು. ಆದರೆ ಅವನು ಅಂಗೈ ಬಿಡಿಸಿದಾಗ ರಾಮ್‌ಸಜೀವನ್ ಮುಖ ತಿರುಗಿಸಿಕೊಂಡ. ಎರಡೂ ಅಂಗೈಗಳಲ್ಲಿ ಚರ್ಮ ಅಡ್ಡಡ್ಡಲಾಗಿ, ನೇರ ಪಟ್ಟಿಯಾಗಿ ಕಿತ್ತು ಬಂದಿತ್ತು. ಕಾದ ಸರಳನ್ನು ಹಿಡಿದು ಬಿಡದಿದ್ದರೆ ಆಗುವಂಥ ಗಾಯ.

"ಅವನು ಕೆರೆಯಲ್ಲಿದ್ದ," ಎಂದ ಬೈಜನಾಥ್. "ನಾನೇ ಕಣ್ಣಾರೆ ನೋಡಿದೆ ಸಾಹೇಬ್. ತಲೆ ಮೇಲೆ ಬುಟ್ಟಿ ಇಟ್ಕೊಂಡು, ಫುಲೇಸರಿ ಭಾಭಿ ಹಿಂದೆ, ಬಾಗಿಲು ಹಾಕಿದ ನಮ್ಮ ಅಂಗಡಿ ಮುಂದೇನೇ ಹೋದ, ನಾನು ಕಟ್ಟೆ ಮೇಲೆ ಕೂತಿದ್ದೆ. 'ಬರ್ತೀಯೇನೋ' ಅಂದ. 'ನಮಗೆ ಈ ಸಲ ಇಲ್ಲವಲ್ಲೋ' ಅಂದೆ. ಅವನು ಹೋದ ಮೇಲೇ ನಾನು ಎದ್ದಿದ್ದು. ಅವನು ಹೋಗಿರದಿದ್ರೆ ಏಳ್ತಾನೇ ಇರಲಿಲ್ಲ."

"ಆಮೇಲೆ?"

"ಹಚ್ಚಿ ತೂರಿದೆ. ಒಂದು ಹೊರಗೆ ಬಿತ್ತು, ಇನ್ನೊಂದು ಒಳಗೆ ಹೋಯ್ತು. ಪ್ಲಾಸ್ಟಿಕ್ಕು ಭಗ್ ಅಂತು. ರಸ್ತೆವರೆಗೆ ಬಂದಿದ್ದೆ. ಕೆಮ್ಮು ಕೇಳಿಸ್ತು." ಅವನು ಗೋಡೆ ನೋಡುತ್ತ ಮಾತಾಡಿದ. "ಮೂವತ್ತು ವರ್ಷದಿಂದ ಕೇಳಿದ ಕೆಮ್ಮು ಸಾಹೇಬ್. ಬೀಡಿ ಬಿಡೋ ಅಂತ ಬೈತಿದ್ದೆ. ಓಡಿ ಹೋದೆ. ಬೀಗ ಎಲ್ಲಿ, ಕೀಲಿ ಎಲ್ಲಿ ಅಂತ ಕೂಗಿದೆ. ಅವನಿಗೆ ನನ್ನ ದನಿ ಗುರುತು ಸಿಕ್ತು. 'ಬೈಜೂ, ಬಂದ್ಯಾ' ಅಂದ. ಕಾಪಾಡಕ್ಕೆ ಬಂದೆ ಅಂದ್ಕೊಂಡ."

ಕಟಿಯಾರ್ ಮಂಚದ ಎದುರು ಕುಕ್ಕರಗಾಲಲ್ಲಿ ಕೂತರು.

"ಯಾಕೆ ಮಾಡಿದ್ರಿ?"

"ಕಚೇರಿ ಹೋದ್ರೆ ಅಂಗಡಿ ಹೋಗುತ್ತೆ, ಅದೊಂದು ಇತ್ತು. ಆದ್ರೆ ಅಷ್ಟೇ ಆಗಿದ್ರೆ ಕೂತು ಅಳ್ತಿದ್ದೆ, ಇನ್ನೇನು ಮಾಡ್ತಿದ್ದೆ. ಕಾನೂನು ಓದಿದೋರು ದಿನಾ ನನ್ನ ಬೆಂಚ್ ಮೇಲೆ ಕೂತು ಅದೇ ಮಾತು. ಸುಟ್ಟು ಹಾಕಬೇಕು, ಯಾರಾದ್ರೂ ಗಂಡಸು ಹುಟ್ಟಿದಾನಾ ಈ ಊರಲ್ಲಿ ಅಂತ. ನೀವೂ ಕೂತಿದ್ರಿ ಸಾಹೇಬ್, ಬೇಡ ಅನ್ನಲಿಲ್ಲ. ಸುಮ್ನೆ ಆಡ್ತಿದಾರೆ ಅಂತ ನಂಗೆ ತಿಳೀಲಿಲ್ಲ."

ಮೂರು ಗಂಟೆ ಹತ್ತು ನಿಮಿಷಕ್ಕೆ ಬೈಜನಾಥ್‌ನನ್ನು ದಸ್ತಗಿರಿ ಮಾಡಲಾಯಿತು. ಕೈಗೆ ಕೋಳ ಹಾಕಲು ಹೋದ ರಾಮ್‌ಸಜೀವನ್‌ನನ್ನು ಕಟಿಯಾರ್ ತಡೆದರು. ಗಾಯಗಳ ವೈದ್ಯಕೀಯ ತಪಾಸಣೆ ನಡೆಯಿತು. ಸರಳುಗಳ ಅಳತೆ ಅಂಗೈ ಗುರುತುಗಳಿಗೆ ತಾಳೆಯಾಯಿತು. ಅಂಗಡಿಯಿಂದ ಡೀಸೆಲ್ ಡಬ್ಬಿ, ಒರೆಸುವ ಬಟ್ಟೆಗಳು ಜಪ್ತಿಯಾದವು. ಕಟಿಯಾರ್ ತಾವು ಕೇಳಿ ನಕ್ಕಿದ್ದನ್ನೂ ಹೇಳಿಕೆಯಲ್ಲಿ ಬರೆದು, ಮೇಲಧಿಕಾರಿಗೆ ಕಳಿಸಿದರು. ಬೇವಿನ ಮರದ ಕೆಳಗೆ ಮಾತ್ರ ಬೆಂಕಿಯ ಸುದ್ದಿ ಎತ್ತುವವರು ಇಲ್ಲವಾದರು. ಬೈಜನಾಥ್‌ನ ವಕಾಲತ್ತು ಹಾಕಲು ವಕೀಲರೇ ತುಂಬಿದ ಆ ಊರಿನಲ್ಲಿ ಎರಡು ದಿನ ಯಾರೂ ಮುಂದೆ ಬರಲಿಲ್ಲ. ಮೂರನೆಯ ದಿನ ಗಜಾಧರ್ ಓಝಾ ಬಂದರು, ಯಾರ ಮುಖವನ್ನೂ ನೋಡದೆ ಕಾಗದಕ್ಕೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು.

ಫುಲೇಸರಿಗೆ ವಿಷಯ ತಿಳಿಸುವುದು ಬಾಕಿಯಿತ್ತು. ಶಬೀನಾಳನ್ನು ಕಳಿಸಬಹುದಿತ್ತು. ಕಟಿಯಾರ್ ತಾವೇ ಹೋದರು. ತಾವು ಸಿಪಾಯಿಯನ್ನು ಕಳಿಸದೇ ಇದ್ದುದರಿಂದ ಹಿಡಿದು ಎಲ್ಲವನ್ನೂ ಹೇಳಿದರು. ಅವಳು ಹೊಸ್ತಿಲ ಮೇಲೆ ಕೂತು, ನಡುವೆ ಬಾಯಿ ಹಾಕದೆ ಕೇಳಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಅವರು ಕಾದರು. ಬೈದಿದ್ದರೆ ಹಗುರವಾಗುತ್ತಿತ್ತು.

"ಭಯ್ಯಾ ಆ ಸರಳು ಹಿಡ್ಕೊಂಡಿದ್ರಾ?"

"ಹಿಡ್ಕೊಂಡಿದ್ದ."

"ಎಲ್ಲಿವರೆಗೆ?"

"ಒಳಗಿಂದ ಕೆಮ್ಮು ನಿಲ್ಲೋವರೆಗೆ ಅಂತಾನೆ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹಂಗಾದ್ರೆ ಇವರು ಒಬ್ಬರೇ ಇರಲಿಲ್ಲ," ಎಂದಳು.

ಕಟಿಯಾರ್ ಟೋಪಿಯನ್ನು ಕೈಯಲ್ಲೇ ಹಿಡಿದು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ಕೂರಿ ಎಂದು ಅವಳು ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ.