ಸಾರಥಿಯಲ್ಲಿ ತಿಂದ ಸಕ್ಕರೆ

"ನಿಮ್ಮ ಮೇಷ್ಟ್ರು ಸಾರಥಿ ಊರಾಗ ಹೆಣ್ಣಿನ ಮನೀಲಿ ಸಕ್ಕರೆ ತಿಂದು ಬಂದ್ರಂತಲ್ಲೇ, ಬಸವಣ್ಣೆಮ್ಮ!"

ಪಕ್ಕದ ಮನೆಯ ಯಲ್ಲಕ್ಕ ಅಕ್ಕಿ ಕೇರುತ್ತಲೇ ಅಂದಳು. ಬಸವಣ್ಣೆಮ್ಮ ಓದುತ್ತಿದ್ದ ಪುಸ್ತಕ ಮುಚ್ಚಿದಳು.

ಸಕ್ಕರೆ ತಿಂದರೆ ಸಂಬಂಧ ಗಟ್ಟಿ! ಆಮೇಲೆ ಹಿಂದೆ ಸರಿಯುವಂತಿಲ್ಲ. ದಾವಣಗೆರೆ ಸೀಮೆಯಲ್ಲಿ ಇದು ಕೂಸಿಗೂ ಗೊತ್ತು.

'ನಿನ್ನ ಪರೀಕ್ಷೆ ಮುಗೀಲಿ, ನಿಮ್ಮ ಅಪ್ಪಾರನ್ನ ಕೇಳ್ತೀನಿ ಅಂದಿದ್ರಲ್ಲ ಮೇಷ್ಟ್ರು...'

ಅದು ಅರವತ್ತೆರಡರ ಬೇಸಿಗೆ. ಗಿರಣಿ ಕೆಲಸದ ಅಪ್ಪ ಪಾಲಯ್ಯ, ಮರುದಿನವೇ ಹರಿಹರದ ವರನ ಕಡೆಯವರಿಗೆ ಒಪ್ಪಿಗೆ ಹೇಳುವವನಿದ್ದ. ಅವಳಿಗೆ ಉಳಿದದ್ದು ಈ ಒಂದು ಸಂಜೆ.

ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಹೇಳಿಕೊಡುವ ಏಕಾಂತಪ್ಪ ಎಂದಿನಂತೆ ಬಂದು ಜಗುಲಿಯ ಮೇಲೆ ಕುಳಿತ.

"ಇವತ್ತಿನ ಪದ ಪ್ರಾಮಿಸ್. ಇಂಗ್ಲಿಷಿನಾಗ ಒಂದೊಂದು ನಾಮಪದಕ್ಕೂ ಅದರದೇ ಜೊತೆಗಾರ ಕ್ರಿಯಾಪದ ಇರ್ತಾವೆ. ನಾವು ಮಾತು ಕೊಡ್ತೀವಿ, ಇಂಗ್ಲಿಷಿನೋರು ಪ್ರಾಮಿಸ್ ಮೇಕ್ ಮಾಡ್ತಾರೆ. ಮುಂದೆ?"

"ಬ್ರೇಕ್ ಮಾಡ್ತಾರೆ."

"ಅದಕ್ಕೂ ಮೊದಲು ಕೀಪ್ ಐತಲ್ಲ!"

"ಎಲ್ಲರೂ ಕೀಪ್ ಮಾಡಲ್ರಿ. ಎಂಪ್ಟಿ ಪ್ರಾಮಿಸ್ ಅಂದ್ರೂ ನಡೀತೈತಲ್ರಿ?"

ಏಕಾಂತಪ್ಪನ ಕೈಯ ಬಳಪ ನಿಂತಿತು. "ಯಾಕ? ಏನಾತು?"

"ಸಾರಥಿ ಸಕ್ಕರೆ ಭಾಳ ಸಿಹಿ ಇತ್ತೇನ್ರಿ?"

ಅವನು ನಕ್ಕುಬಿಟ್ಟ. ಅವಳ ಕಣ್ಣು ತುಂಬಿದ್ದು ಕಂಡು ನಗು ಅಲ್ಲೇ ಆರಿತು.

"ಅಯ್ಯೋ, ಅದು ನಮ್ಮ ದೊಡ್ಡಪ್ಪನ ಮಗ ಬೊಮ್ಮಣ್ಣಂದು! ಅವನಿಗೆ ತಂದೆ ಇಲ್ಲ. ಮನೆ ಗಂಡಸು ಅಂತ ಮೊದಲು ನನ್ನ ಬಾಯಿಗೇ ಹಾಕಿದ್ರು. ನೋಡಿದೋರು ನಾನೇ ವರ ಅಂದ್ಕಂಡ್ರು!"

ಬಸವಣ್ಣೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು... ಮರುಕ್ಷಣವೇ ಅಪ್ಪನ ಮಾತು ನೆನಪಾಯಿತು.

"ಹಂಗಾದ್ರ, ನಾಳೆ ಹರಿಹರದೋರು?"

"ಯಾವ ಹರಿಹರದೋರು?"

ಅವಳು ಹೇಳಿದಳು. ಒಳಗೆ ಪಾಲಯ್ಯ ಕೆಮ್ಮಿದ. ಏಕಾಂತಪ್ಪ ಎದ್ದು ನಿಂತ.

"ಪರೀಕ್ಷೆ ತನಕ ಕಾಯೋದು ಬ್ಯಾಡ. ಈಗ್ಲೇ ಕೇಳ್ತೀನಿ."

"ಅಪ್ಪ ಬೈದ್ರೆ?"

"ಬೈಸ್ಕಂತೀನಿ. ನಿನಗೆ ಒಪ್ಪಿಗೆ ಐತೇನು?"

"ಇಲ್ದಿದ್ರೆ ಅಳ್ತಿದ್ನೇನ್ರಿ?"

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮೊದಲು ಅಪ್ಪನ ಏರುದನಿ, ಆಮೇಲೆ ಏಕಾಂತಪ್ಪ 'ಅವಳಿಗೂ ಒಪ್ಪಿಗೆ ಐತ್ರಿ' ಎಂದದ್ದು ಕೇಳಿಸಿತು.

ಕೊನೆಗೆ ಪಾಲಯ್ಯ ರುಮಾಲು ಸುತ್ತಿಕೊಳ್ಳುತ್ತ ಹೊರಗೆ ಬಂದ. ಮಗಳ ತಲೆಯನ್ನೊಮ್ಮೆ ಸವರಿ, ಹರಿಹರದವರಿಗೆ ಈ ಸಂಬಂಧ ಆಗದೆಂದು ಹೇಳಿಬರಲು ಬಸ್ಸಿನ ಕಡೆ ನಡೆದ.