ಅಳಿಸಿಹೋದ ಸ್ಟೇರ್‌ಕೇಸ್

ಲಟಕ್!

ಬಲಗೈಗೆ ಸಿಕ್ಕಿದ್ದ ಮರದ ಬಿಲ್ಲೆ ಕಿತ್ತು ಬಂತು. ಈಗ ಎಡಗೈ ಒಂದರಲ್ಲೇ ನೇತಾಡುತ್ತಿದ್ದೆ... ಮೇಲಂತಸ್ತಿನ ಕಿಟಕಿಯ ಕೆಳಗೆ!

ಶಿಂಗಲ್ ಮನೆ ಅಂದರೆ ಹೀಗೆ. ಮೀನಿನ ಹುರುಪೆಯ ಹಾಗೆ ಗೋಡೆ ತುಂಬಾ ತೆಳು ಮರದ ಬಿಲ್ಲೆಗಳು. ನೋಡಲು ಚಂದ. ಹತ್ತಲು ನರಕ.

ಒಳಗಿದ್ದವಳು ರಿಜ್ವಾನಾ. ಮಂಗಳೂರಿನವಳು. ಜರ್ಮನಿಯ ಗ್ರೀನ್ ಕಾರ್ಡ್ ಎಂಬ ಕೆಲಸದ ವೀಸಾದಲ್ಲಿ ಬಂದು, ಮ್ಯಾನ್‌ಹೈಮ್‌ನ ಬಿಲ್ಡರ್ ಬ್ರಾಂಟ್‌ಗೆ ಕಂಪ್ಯೂಟರಿನಲ್ಲಿ ಮನೆ ಪ್ಲಾನ್ ಮಾಡಿಕೊಡುತ್ತಿದ್ದಳು. ನಾನು ಗ್ಲೆನ್, ಅದೇ ಊರಿನವ. ಬಾಡಿಗೆ ಮನೆ, ವೀಸಾ, ಜಗಳ... ಏನೇ ಆದರೂ ನಮ್ಮವರ ಫೋನ್ ಬರುವುದು ನನಗೆ.

ಬೆಳಿಗ್ಗೆ ಅವಳದೂ ಬಂದಿತ್ತು.

"ಗ್ಲೆನ್, ಬ್ರಾಂಟ್ ನನ್ನ ಪ್ಲಾನಿಂದ ಹಿಂಬದಿಯ ಸ್ಟೇರ್‌ಕೇಸ್ ತೆಗ್ದಿದ್ದಾನೆ! ಇಡೀ ಮನೆ ಮರದ್ದು. ಮಕ್ಕಳ ರೂಮು ಮೇಲೆ. ಬೆಂಕಿ ಹಿಡಿದ್ರೆ ಇಳಿಯುದು ಹೇಗೆ? ತಗೊಳ್ಳುವವರು ಇವತ್ತು ಬರ್ತಾರೆ. ಅವರಿಗೆ ಹೇಳ್ತೇನೆ ಅಂದದ್ದಕ್ಕೆ ನನ್ನನ್ನು ಮೇಲೆ ಹಾಕಿ ಲಾಕ್ ಮಾಡಿ..."

ಫೋನ್ ಕಟ್!

ಕಿಟಕಿ ತೆರೆಯಿತು. ರಿಜ್ವಾನಾ ನನ್ನ ಕಾಲರ್ ಹಿಡಿದು ಒಳಗೆಳೆದಳು.

"ಎಂತ ಮಾರಾಯ, ಬಾಗಿಲಲ್ಲಿ ಬರ್ಲಿಕ್ಕಾಗುದಿಲ್ವಾ?"

"ಬಾಗಿಲಲ್ಲಿ ಬ್ರಾಂಟ್ ನಿಂತಿದ್ದಾನೆ!"

ಈಗ ನಿಂತಿರಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದು. ಬೀಗ ತಿರುಗಿತು. ಬ್ರಾಂಟ್! ಕೈಯಲ್ಲಿ ಕಬ್ಬಿಣದ ಸರಳು!

"ನಿನ್ನ ವೀಸಾ ನನ್ನ ಕೈಲಿದೆ. ಬಾಯಿ ಮುಚ್ಚಿಕೊಂಡಿರು!" ಜರ್ಮನ್‌ನಲ್ಲಿ ಗುಡುಗಿದ.

ನುಗ್ಗಿದೆ. ಸರಳು ಭುಜಕ್ಕೆ ಬಿತ್ತು. ಕಣ್ಣು ಕತ್ತಲಿಟ್ಟಿತು... ಆದರೂ ಅವನನ್ನು ಗೋಡೆಗೊತ್ತಿ ಹಿಡಿದೆ.

ಕೆಳಗೆ ಕಾರು ನಿಂತ ಸದ್ದು. ಗಂಡ, ಹೆಂಡತಿ, ಒಂದು ಪುಟ್ಟ ಹುಡುಗಿ.

ರಿಜ್ವಾನಾ ಕಿಟಕಿಯ ಬಳಿ ಕಲ್ಲಾಗಿ ನಿಂತಳು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಕೆಲಸದ ಹಿಂದೆಯೇ ವೀಸಾ. ಅವಳಿಗೂ ಗೊತ್ತು, ನನಗೂ ಗೊತ್ತು.

"ರಿಜ್ವಾನಾ... ಬೇಗ!"

ಕೂಗಿದಳು, ಜರ್ಮನ್‌ನಲ್ಲಿ. "ಈ ಮನೆ ತಗೋಬೇಡಿ! ಬೆಂಕಿ ಹಿಡಿದರೆ ಮೇಲಿಂದ ಇಳಿಯಲು ಇನ್ನೊಂದು ದಾರಿಯಿಲ್ಲ! ಬಿಲ್ಡರ್ ನಮಗೆ ಹೊಡೆಯುತ್ತಿದ್ದಾನೆ. ಪೊಲೀಸರನ್ನು ಕರೆಯಿರಿ!"

ತಾಯಿ ಮಗಳನ್ನು ಎತ್ತಿಕೊಂಡಳು. ಗಂಡ ಮೊಬೈಲ್ ತೆಗೆದ.

ಪೊಲೀಸರು ಕಾರಿಗೆ ಹತ್ತಿಸುವಾಗಲೂ ಬ್ರಾಂಟ್ ನಗುತ್ತಿದ್ದ. "ನಾಳೆಯಿಂದ ಕೆಲಸಕ್ಕೆ ಬರಬೇಡ!"

ಟ್ರಾಮ್ ಸ್ಟಾಪಿನಲ್ಲಿ ರಿಜ್ವಾನಾ ನನ್ನತ್ತ ತಿರುಗಿದಳು.

"ಊರಿಗೆ ಕಳಿಸ್ತಾರಾ?"

"ಬೇರೆ ಕೆಲಸ ಸಿಗದಿದ್ರೆ, ಹೌದು."

"ಹುಡುಕಿ ಕೊಡ್ತೀಯಾ?"

"ಹುಡುಕುವ. ಬಯೋಡೇಟಾದಲ್ಲಿ ನಿಜ ಹೇಳುವ ಅಭ್ಯಾಸ ಉಂಟು ಅಂತ ಮಾತ್ರ ಬರೀಬೇಡ ಮಾರಾಯ್ತಿ!"